ಕೀಲು ಕೂಡಿಸುವ ಕಸುಬು

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ಊರಿನ ಡಿ ಅಂಜಾ ಎಂಬ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ‘ಇಕಾನ್ 1’ ಎಂದರೆ ಮ್ಯಾಕ್ರೋ. ನಮ್ಮ ಪಿಯುಸಿ ಪುಸ್ತಕಗಳು ಸಮಗ್ರ ಅರ್ಥಶಾಸ್ತ್ರ ಎಂದು ಕರೆಯುವ ಪಾಠ. ಅಲ್ಲಿಂದ ಐದಾರು ಗಂಟೆ ಕಾರಿನಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಯುಸಿಎಲ್‌ಎಯಲ್ಲಿ ‘ಇಕಾನ್ 1’ ಎಂದರೆ ಮೈಕ್ರೋ, ಸೂಕ್ಷ್ಮ ಅರ್ಥಶಾಸ್ತ್ರ. ಇಲ್ಲಿನ ಒಂದು ಅಲ್ಲಿ ಎರಡು, ಅಲ್ಲಿನ ಒಂದು ಇಲ್ಲಿ ಎರಡು. ಬರ್ಕ್ಲಿಯದು ಇನ್ನೊಂದು ತಮಾಷೆ. ಅಲ್ಲಿನ ‘ಇಕಾನ್ 1’ರಲ್ಲಿ ಮೈಕ್ರೋ, ಮ್ಯಾಕ್ರೋ ಎರಡನ್ನೂ ಒಂದೇ ಸೆಮಿಸ್ಟರಿಗೆ ತುಂಬಿದ್ದಾರೆ. ಆದ್ದರಿಂದ ಆ ಒಂದಕ್ಕೆ ಸಮ ಎನಿಸಿಕೊಳ್ಳಲು ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿ ಎರಡು ಪೂರ್ತಿ ಕೋರ್ಸು ಮುಗಿಸಿರಬೇಕು. ನಂಬರು ಒಂದೇ, ಒಳಗಿನ ಸರಕು ಬೇರೆ. ಹದಿನೆಂಟರ ಹುಡುಗ ನಂಬರನ್ನು ನಂಬಿ ಓದುತ್ತಾ ಹೋದರೆ, ಎಡವಿದ್ದು ಗೊತ್ತಾಗುವುದು ಎರಡು ವರ್ಷ ಕಳೆದು ದೊಡ್ಡ ಬಾಗಿಲ ಮುಂದೆ ನಿಂತಾಗಲೇ.

ಇಂಥ ಗೋಜಲನ್ನು ಬಿಡಿಸುವುದನ್ನೇ ಕಸುಬು ಮಾಡಿಕೊಂಡ ಜನ ಕ್ಯಾಲಿಫೋರ್ನಿಯಾದ ಪ್ರತಿ ಕಮ್ಯುನಿಟಿ ಕಾಲೇಜಿನಲ್ಲೂ ಇದ್ದಾರೆ. ಸನಿವೇಲ್‌ನಲ್ಲಿ ಇಪ್ಪತ್ತು ವರ್ಷ ಬಾಳಿದರೂ ನನಗೆ ಅವರ ಸುಳಿವು ಇರಲಿಲ್ಲ. ಅಕ್ಕನ ಮಗ ಹೈಸ್ಕೂಲು ಮುಗಿಸಿ, ಬಯಸಿದ ಯೂನಿವರ್ಸಿಟಿ ಯಾವುದೂ ಸಿಗದೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿದ ಮೇಲೆ ಆ ಲೋಕ ಕಂಡಿತು. ಅಕ್ಕ ಅದನ್ನು ನನಗೆ ಫೋನಿನಲ್ಲಿ ತಿಳಿಸಿದ್ದು, ಮನೆಯಲ್ಲಿ ಯಾರಿಗೋ ಕಾಯಿಲೆ ಎನ್ನುವಾಗಿನ ತಗ್ಗಿದ ದನಿಯಲ್ಲಿ. ಇಲ್ಲಿನ ನಮ್ಮವರ ಹಬ್ಬದೂಟಗಳಲ್ಲಿ “ಮಗ ಎಲ್ಲಿ ಓದ್ತಿದಾನೆ?” ಎಂಬ ಪ್ರಶ್ನೆ ಪಾಯಸಕ್ಕಿಂತ ಮೊದಲೇ ಎಲೆಗೆ ಬೀಳುತ್ತದೆ. ಆ ವರ್ಷ ಅಕ್ಕ ಎರಡು ಹಬ್ಬ ತಪ್ಪಿಸಿಕೊಂಡಳು. ಶಿವಮೊಗ್ಗದಲ್ಲಿರುವ ನಮ್ಮಮ್ಮನಿಗೆ ಮಾತ್ರ ಇದು ಅರ್ಥವಾಗಲಿಲ್ಲ. “ಕಾಲೇಜು ಅಂದ್ಮೇಲೆ ಕಾಲೇಜೇ ಅಲ್ವೇನೋ, ಹುಡುಗ ಹೋಗ್ತಿದಾನೆ ತಾನೆ?” ಎಂದಳು.

ಅಮ್ಮನ ಮಾತನ್ನೇ ಕ್ಯಾಲಿಫೋರ್ನಿಯಾ 1960ರಲ್ಲಿ ಕಾನೂನು ಮಾಡಿತ್ತು. ಆ ವರ್ಷದ ‘ಮಾಸ್ಟರ್ ಪ್ಲಾನ್’ ಎಂಬ ಯೋಜನೆ ರಾಜ್ಯದ ಉನ್ನತ ಶಿಕ್ಷಣವನ್ನು ಮೂರು ಅಂತಸ್ತಾಗಿ ಕಟ್ಟಿತು. ಮುಂದೆ ನಿಂತವರು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ; ಬರ್ಕ್ಲಿ, ಯುಸಿಎಲ್‌ಎ ಎರಡೂ ಇದರ ಕ್ಯಾಂಪಸ್ಸುಗಳೇ) ಆಗಿನ ಅಧ್ಯಕ್ಷ ಕ್ಲಾರ್ಕ್ ಕೆರ್. ಅಂಕಿತ ಹಾಕಿದವರು ಗವರ್ನರ್ ಪ್ಯಾಟ್ ಬ್ರೌನ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಬಾಗಿಲು ತಟ್ಟಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು. ಇಷ್ಟೇ ಆಗಿದ್ದರೆ ಅದು ಜಾತಿಪದ್ಧತಿಯ ಇನ್ನೊಂದು ನಮೂನೆಯಾಗುತ್ತಿತ್ತು. ಆದರೆ ಯೋಜನೆಯ ಒಳಗೆ ಒಂದು ಸಣ್ಣ ಲೆಕ್ಕ ಅಡಗಿತ್ತು: ಯುಸಿಯ ಒಟ್ಟು ವಿದ್ಯಾರ್ಥಿಗಳಲ್ಲಿ ಮೊದಲೆರಡು ವರ್ಷದವರು ನೂರಕ್ಕೆ 40ರಷ್ಟಿರಲಿ, ಕೊನೆಯ ಎರಡು ವರ್ಷದವರು 60ರಷ್ಟಿರಲಿ. ಅಂದರೆ ಮೂರನೇ ವರ್ಷದಲ್ಲಿ ಬೇಕೆಂದೇ ಜಾಗ ಖಾಲಿ ಬಿಟ್ಟಿದ್ದರು, ಕೆಳಗಿನಿಂದ ಮೆಟ್ಟಿಲು ಹತ್ತಿ ಬರುವವರಿಗಾಗಿ.

ಇಂದಿಗೂ ಹೈಸ್ಕೂಲಿನಿಂದ ನೇರವಾಗಿ ಇಬ್ಬರು ಸೇರಿದರೆ, ಹೀಗೆ ಹತ್ತಿ ಬರುವ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿ ಇರಬೇಕೆಂಬುದು ಯುಸಿಯ ಗುರಿ. ಹಾಗೆ ಬರುವವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ರಾಜ್ಯದ 116 ಕಮ್ಯುನಿಟಿ ಕಾಲೇಜುಗಳವರು. ಬರ್ಕ್ಲಿಗೆ ಹೈಸ್ಕೂಲಿನಿಂದ ನೇರವಾಗಿ ಅರ್ಜಿ ಹಾಕಿದವರಲ್ಲಿ ಸುಮಾರು ಹತ್ತಕ್ಕೊಬ್ಬರಿಗೆ ಸೀಟು ಸಿಕ್ಕರೆ, ಟ್ರಾನ್ಸ್‌ಫರ್ ಅರ್ಜಿ ಹಾಕಿದವರಲ್ಲಿ ಸುಮಾರು ನಾಲ್ಕಕ್ಕೊಬ್ಬರಿಗೆ ಸಿಗುತ್ತದೆ. ಎಕನಾಮಿಕ್ಸ್‌ನಂಥ ನೂಕುನುಗ್ಗಲಿನ ವಿಷಯಕ್ಕೆ ಕಷ್ಟ ಇನ್ನೂ ಹೆಚ್ಚು. ಹಣದ ಲೆಕ್ಕವನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗೆ ಒಂದು ಯೂನಿಟ್‌ಗೆ 46 ಡಾಲರ್. ಎರಡು ವರ್ಷದ 60 ಯೂನಿಟ್‌ಗೆ 2,760 ಡಾಲರ್. ಯುಸಿಯಲ್ಲಿ ಊಟ, ವಸತಿ ಬಿಟ್ಟು ಫೀಸೊಂದೇ ವರ್ಷಕ್ಕೆ ಹದಿನೈದು ಸಾವಿರ ಡಾಲರಿನ ಆಸುಪಾಸು. ಕೊನೆಗೆ ಕೈಗೆ ಬರುವ ಡಿಗ್ರಿ ಸರ್ಟಿಫಿಕೇಟು ಇಬ್ಬರಿಗೂ ಒಂದೇ.

ಈಗ ಕಸುಬಿಗೆ ಬರೋಣ. ಇದರಲ್ಲಿ ಇಬ್ಬರ ಕೈಗುಣವಿದೆ: ಒಬ್ಬರು ವಿದ್ಯಾರ್ಥಿಗಳ ಕಣ್ಣಿಗೇ ಬೀಳದವರು, ಇನ್ನೊಬ್ಬರು ಮೇಜಿನಾಚೆ ಎದುರಿಗೆ ಕೂರುವವರು.

ಕಣ್ಣಿಗೆ ಬೀಳದವರನ್ನು ಆರ್ಟಿಕ್ಯುಲೇಷನ್ ಆಫೀಸರ್ ಎನ್ನುತ್ತಾರೆ. ಆ ಪದದ ಬೇರಿನಲ್ಲಿರುವುದು ಕೀಲು. ಮೂಳೆಗೆ ಮೂಳೆ ಕೂಡುವ ಜಾಗ. ಬಡಗಿ ಬಾಗಿಲ ಚೌಕಟ್ಟಿನಲ್ಲಿ ಒಂದು ಮರಕ್ಕೆ ಗೂಟ ತೆಗೆದು, ಇನ್ನೊಂದಕ್ಕೆ ತೂತು ಕೊರೆದು, ಮೊಳೆಯಿಲ್ಲದೆ ಕೂಡಿಸುತ್ತಾನಲ್ಲ, ಹಾಗೆ ಇವರು ಒಂದು ಕಾಲೇಜಿನ ಪಾಠಕ್ಕೆ ಇನ್ನೊಂದು ಯೂನಿವರ್ಸಿಟಿಯ ಪಾಠವನ್ನು ಕೂಡಿಸಬೇಕು. ಸಾಮಗ್ರಿ ಎಂದರೆ ಕಾಗದ. ಕಮ್ಯುನಿಟಿ ಕಾಲೇಜಿನ ಪ್ರತಿ ಕೋರ್ಸಿಗೂ ಒಂದು ಅಧಿಕೃತ ರೂಪರೇಖೆ ಇರುತ್ತದೆ: ಎಷ್ಟು ಯೂನಿಟ್, ಎಷ್ಟು ಗಂಟೆ ಪಾಠ, ಇದಕ್ಕೆ ಮೊದಲು ಏನು ಓದಿರಬೇಕು, ಯಾವ ಅಧ್ಯಾಯಗಳು, ಯಾವ ಪಠ್ಯಪುಸ್ತಕ, ಪರೀಕ್ಷೆ ಹೇಗೆ. ಆಫೀಸರ್ ಅದನ್ನು ಯುಸಿಗೆ ಕಳಿಸುತ್ತಾರೆ. ಮೊದಲ ಪ್ರಶ್ನೆ, ಈ ಕೋರ್ಸಿಗೆ ಯುಸಿಯಲ್ಲಿ ಕ್ರೆಡಿಟ್ ಕೊಡಬಹುದೇ? ಎರಡನೆಯದು ಇನ್ನೂ ಸಣ್ಣ ಜರಡಿ: ಈ ಕೋರ್ಸು ಇಂಥ ಕ್ಯಾಂಪಸ್ಸಿನ ಇಂಥ ಕೋರ್ಸಿಗೆ ಸಮವೇ? ತೀರ್ಮಾನ ಆ ಕ್ಯಾಂಪಸ್ಸಿನ ಅಧ್ಯಾಪಕರದು. ಪಠ್ಯಪುಸ್ತಕ ಹಳೆಯದಾಯಿತು ಎಂದೋ, ಬೇಕಾದ ಒಂದು ಅಧ್ಯಾಯ ಇಲ್ಲವೆಂದೋ ಕಾಗದ ವಾಪಸು ಬರಬಹುದು. ಆಗ ಇವರು ತಮ್ಮ ಕಾಲೇಜಿನ ಮೇಷ್ಟರ ಬಳಿ ಹೋಗಿ, ಅವರ ಮನಸ್ಸು ನೋಯದಂತೆ ಮಾತಾಡಿ, ರೂಪರೇಖೆ ತಿದ್ದಿಸಿ, ಮತ್ತೆ ಕಳಿಸಬೇಕು. ಮೇಷ್ಟರ ಮನಸ್ಸು ನೋಯದಂತೆ ಸಿಲಬಸ್ ತಿದ್ದಿಸುವುದು ಎಷ್ಟು ಕಷ್ಟವೆಂದು ಪಾಠ ಮಾಡಿದವರಿಗೆಲ್ಲ ಗೊತ್ತು.

ಒಪ್ಪಿಗೆಯಾದದ್ದು ‘ಅಸಿಸ್ಟ್’ ಎಂಬ ರಾಜ್ಯದ ಸಾರ್ವಜನಿಕ ದಾಖಲೆಗೆ ಸೇರುತ್ತದೆ. 1985ರಿಂದ ನಡೆದುಬಂದ ವ್ಯವಸ್ಥೆ ಇದು. ಎಡಗಡೆ ಯೂನಿವರ್ಸಿಟಿಯ ಕೋರ್ಸು, ಬಲಗಡೆ ಕಾಲೇಜಿನ ಕೋರ್ಸು, ನಡುವೆ ಒಂದು ಬಾಣದ ಗುರುತು. ಕೆಲವು ಕಡೆ ಒಂದಕ್ಕೆ ಒಂದು, ಕೆಲವು ಕಡೆ ಒಂದಕ್ಕೆ ಎರಡು, ಇನ್ನು ಕೆಲವು ಕಡೆ ‘ಸಮನಾದ ಕೋರ್ಸು ಇಲ್ಲ’ ಎಂಬ ಒಣ ಸಾಲು. ಪ್ರತಿ ಶೈಕ್ಷಣಿಕ ವರ್ಷಕ್ಕೂ ಬೇರೆ ಪುಟ; ಯಾವ ವರ್ಷ ಕೋರ್ಸು ಮುಗಿಸಿದಿರೋ ಆ ವರ್ಷದ ಪುಟವನ್ನೇ ನೋಡಬೇಕು. ನೂರಕ್ಕೂ ಮೀರಿದ ಕಾಲೇಜು, ಬ್ಯಾಚುಲರ್ ಡಿಗ್ರಿ ಓದಿಸುವ ಯುಸಿಯ 9 ಕ್ಯಾಂಪಸ್, ಅವುಗಳ ನೂರಾರು ವಿಷಯ, ಇಷ್ಟನ್ನೂ ಗುಣಿಸಿ ನೋಡಿದರೆ ಕೀಲುಗಳ ಸಂಖ್ಯೆ ಎಷ್ಟೆಂದು ಊಹಿಸಬಹುದು. ಒಂದೊಂದನ್ನೂ ಯಾರೋ ಕೂತು ಓದಿ ಕೂಡಿಸಿದ್ದಾರೆ. ನಂಬರುಗಳ ಗೊಂದಲ ತಪ್ಪಿಸಲು ಕಮ್ಯುನಿಟಿ ಕಾಲೇಜುಗಳಿಗೆಲ್ಲ ಒಂದೇ ನಂಬರು ತರಬೇಕೆಂದು 2021ರಲ್ಲಿ ಕಾಯಿದೆಯಾಗಿ, ಆ ಕೆಲಸ ಈಗ ನಡೆದಿದೆ. ಅದು ಮುಗಿದರೂ ಯುಸಿಯ ಕಡೆಯ ನಂಬರುಗಳು ತಮ್ಮ ಪಾಡಿಗೆ ತಾವು ಇರುತ್ತವೆ.

ಇಲ್ಲಿ ಅರ್ಥಶಾಸ್ತ್ರದ ಒಂದು ಮಾತು ಹೇಳದಿದ್ದರೆ ಆಗದು. 1970ರಲ್ಲಿ ಬರ್ಕ್ಲಿಯ ಜಾರ್ಜ್ ಅಕರ್‌ಲಾಫ್ ಸೆಕೆಂಡ್‌ಹ್ಯಾಂಡ್ ಕಾರುಗಳ ಬಗ್ಗೆ ಒಂದು ಲೇಖನ ಬರೆದರು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ಕಡಿಮೆ ಬೆಲೆ ಕಟ್ಟುತ್ತಾನೆ, ಒಳ್ಳೆಯ ಕಾರಿನವನು ಸಂತೆಗೇ ಬರುವುದಿಲ್ಲ. ಈ ಒಳನೋಟಕ್ಕೆ 2001ರಲ್ಲಿ ನೊಬೆಲ್ ಪಾಲು ಬಂತು. ಕಮ್ಯುನಿಟಿ ಕಾಲೇಜಿನ ‘ಎ’ ಗ್ರೇಡು ಇಂಥ ಸೆಕೆಂಡ್‌ಹ್ಯಾಂಡ್ ಕಾರೇ. ಅದರ ಹಿಂದೆ ಎಷ್ಟು ಓದಿದೆ ಎಂದು ಯೂನಿವರ್ಸಿಟಿಗೆ ಹೇಗೆ ತಿಳಿಯಬೇಕು? ಆರ್ಟಿಕ್ಯುಲೇಷನ್ ಎಂದರೆ ಕಾರಿನ ಬಾನೆಟ್ ತೆಗೆದು ತೋರಿಸಿ, ಮೊದಲೇ ಬರೆದುಕೊಟ್ಟ ಗ್ಯಾರಂಟಿ ಕಾರ್ಡು. ಪಕ್ಕದಲ್ಲೇ ಇರುವ ಸ್ಟ್ಯಾನ್‌ಫರ್ಡ್ ಇಂಥ ಕಾರ್ಡನ್ನು ಯಾರಿಗೂ ಕೊಡುವುದಿಲ್ಲ. ಅಲ್ಲಿಗೆ ಟ್ರಾನ್ಸ್‌ಫರ್ ಆಗುವವರೂ ಬೆರಳೆಣಿಕೆ.

ಇನ್ನು ಮೇಜಿನಾಚೆ ಕೂರುವವರು, ಟ್ರಾನ್ಸ್‌ಫರ್ ಕೌನ್ಸೆಲರ್. ಎಕನಾಮಿಕ್ಸ್ ಓದಬೇಕೆಂದಿದ್ದ ಅಕ್ಕನ ಮಗನ ಜೊತೆ ಮೊದಲ ಸಲ ನಾನೂ ಹೋಗಿದ್ದೆ. ಐವತ್ತು ದಾಟಿದ ಹೆಂಗಸು. ಕಂಪ್ಯೂಟರ್ ಇದ್ದರೂ ಮುಂದೆ ಇಟ್ಟುಕೊಂಡದ್ದು ಒಂದು ಹಾಳೆ, ಪೆನ್ಸಿಲು, ರಬ್ಬರು. “ಏನಾಗಬೇಕು ಅಂತಿದೀಯ?” ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು, “ಹೈಸ್ಕೂಲಲ್ಲಿ ಕೊನೆಯದಾಗಿ ಓದಿದ ಗಣಿತ ಯಾವುದು?”

ಕಾರಣ ಆಮೇಲೆ ತಿಳಿಯಿತು. ಅವರು ಹಾಳೆಯಲ್ಲಿ ನಾಲ್ಕು ಮನೆ ಎಳೆದರು, ನಾಲ್ಕು ಸೆಮಿಸ್ಟರಿಗೆ. ನಡುವೆ ಬೇಸಿಗೆಗೆ ಸಣ್ಣದೊಂದು ಮನೆ. ತುಂಬತೊಡಗಿದ್ದು ಹಿಂದಿನಿಂದ ಮುಂದಕ್ಕೆ. ಯುಸಿಗೆ ಅರ್ಜಿ ಹಾಕಬೇಕಾದದ್ದು ಎರಡನೇ ವರ್ಷದ ಅಕ್ಟೋಬರ್, ನವೆಂಬರಿನಲ್ಲಿ. ಆ ಹೊತ್ತಿಗೆ ಮೂರನೇ ಸೆಮಿಸ್ಟರು ಅರ್ಧದಲ್ಲಿರುತ್ತದೆ, ನಾಲ್ಕನೆಯದು ಶುರುವೇ ಆಗಿರುವುದಿಲ್ಲ. ಅಂದರೆ ನಾಲ್ಕು ಸೆಮಿಸ್ಟರಿನ ಓದಿನಲ್ಲಿ ಅರ್ಜಿಯಲ್ಲಿ ಅಂಕ ಕಾಣುವುದು ಎರಡರದ್ದು, ಜೊತೆಗೆ ಬೇಸಿಗೆಯದ್ದು. ಮೂರನೆಯದರ ಅಂಕವನ್ನು ಜನವರಿಯಲ್ಲಿ ಸೇರಿಸಬಹುದು. “ಮೊದಲ ಸೆಮಿಸ್ಟರ್ ಹೊಂದಿಕೊಳ್ಳೋಕೆ ಅಂತ ಅಂದ್ಕೋಬೇಡ. ಅದೇ ನಿನ್ನ ಅರ್ಧ ಮುಖ” ಎಂದರು. ಹುಡುಗ ನೆಟ್ಟಗೆ ಕೂತ.

ಆಮೇಲೆ ಪೆನ್ಸಿಲು ಗಣಿತದ ಸಾಲಿಗೆ ಹೋಯಿತು. ಪ್ರೀ ಕ್ಯಾಲ್ಕುಲಸ್, ಕ್ಯಾಲ್ಕುಲಸ್ ಒಂದು, ಕ್ಯಾಲ್ಕುಲಸ್ ಎರಡು: ಒಂದು ಮುಗಿಯದೆ ಇನ್ನೊಂದಿಲ್ಲ. ಮಿಕ್ಕ ಪಾಠಗಳನ್ನು ಹಿಂದೆ ಮುಂದೆ ಸರಿಸಬಹುದು. ಇದು ಮಾತ್ರ ಬಾವಿಯ ಹಗ್ಗದಂತೆ, ಅಷ್ಟು ಉದ್ದ ಇಳಿಯಲೇಬೇಕು. ಮೈಕ್ರೋ, ಮ್ಯಾಕ್ರೋ ಎರಡನ್ನೂ ಮೊದಲ ವರ್ಷಕ್ಕೇ ಹಾಕಿದರು, ಅರ್ಜಿಯಲ್ಲಿ ಅವುಗಳ ಅಂಕ ಕಾಣಲೆಂದು. ಇಂಗ್ಲಿಷ್ ಬರವಣಿಗೆಯ ಎರಡು ಕೋರ್ಸು ಯುಸಿಗೆ ಕಡ್ಡಾಯ. ಅವು ಎರಡು ಸೆಮಿಸ್ಟರಿಗೆ ಹಂಚಿಹೋದವು. ಉಳಿದ ಚೂರುಪಾರು ಜಾಗಕ್ಕೆ ಕಲೆ, ಚರಿತ್ರೆ, ವಿಜ್ಞಾನ. ಗಾರೆ ಕೆಲಸದವನು ದೊಡ್ಡ ಕಲ್ಲು ಕೂರಿಸಿದ ಮೇಲೆ ಚಕ್ಕೆ ತುಂಬುತ್ತಾನಲ್ಲ, ಥೇಟು ಹಾಗೆ. ಪ್ರತಿ ಸಾಲಿನ ಪಕ್ಕದಲ್ಲೂ ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಎಂದು ಮೂರು ಕಿರುಗುರುತು ಹಾಕಿ, ಮೂರು ಕಡೆಯೂ ಸಲ್ಲುವ ಕೋರ್ಸಿಗೆ ಅಡಿಗೆರೆ ಎಳೆದರು. ಒಂದೇ ಕಲ್ಲು ಮೂರು ಗೋಡೆಗೆ ಆಗುವಂತೆ ಆರಿಸುವುದರಲ್ಲಿ ಅವರ ನಿಜವಾದ ಜಾಣ್ಮೆಯಿತ್ತು ಎಂದು ನನಗನ್ನಿಸಿತು.

ಇಷ್ಟಾಗಿಯೂ ನಾವು ಎಡವಿದೆವು, ಅದೂ ನನ್ನಿಂದ. ಎರಡನೇ ಸೆಮಿಸ್ಟರಿನ ಹೊತ್ತಿಗೆ ಕ್ಯಾಲ್ಕುಲಸ್ ಒಂದರ ಕ್ಲಾಸು ತುಂಬಿತ್ತು. ‘ಬಿಸಿನೆಸ್ ಕ್ಯಾಲ್ಕುಲಸ್’ನಲ್ಲಿ ಜಾಗವಿತ್ತು. ಹುಡುಗ ಫೋನ್ ಮಾಡಿ “ಮಾಮಾ, ಯಾವುದು ತಗೊಳ್ಳಲಿ?” ಎಂದ. ಎಕನಾಮಿಕ್ಸ್ ಎಂದರೆ ಕಾಮರ್ಸಿನ ಅಣ್ಣನೋ ತಮ್ಮನೋ ಎಂದುಕೊಂಡಿದ್ದ ನಾನು, “ಹೆಸರಲ್ಲೇ ಬಿಸಿನೆಸ್ ಇದೆಯಲ್ಲೋ, ಇದೇ ಒಳ್ಳೇದು” ಎಂದೆ. ಯುಸಿಎಲ್‌ಎಯ ಎಕನಾಮಿಕ್ಸ್ ಕೇಳುವುದು ಎಂಜಿನಿಯರಿಂಗ್, ವಿಜ್ಞಾನದವರು ಓದುವ ಮುಖ್ಯ ಕ್ಯಾಲ್ಕುಲಸ್ಸನ್ನು. ಅದಕ್ಕೂ ಮೇಲೆ, ಬಿಸಿನೆಸ್ ಕ್ಯಾಲ್ಕುಲಸ್ ಮುಗಿಸಿ ಮುಖ್ಯದ್ದನ್ನೂ ಓದಿದರೆ ಯುಸಿ ಎರಡಕ್ಕೂ ಪೂರ್ತಿ ಕ್ರೆಡಿಟ್ ಕೊಡುವುದಿಲ್ಲ. ನಮ್ಮ 60ರ ಲೆಕ್ಕದಲ್ಲಿ ತೂತು ಬಿತ್ತು. ಕೌನ್ಸೆಲರ್ ಬೈಯಲಿಲ್ಲ. ರಬ್ಬರು ತೆಗೆದುಕೊಂಡರು, ಆ ಸಾಲನ್ನು ಅಳಿಸಿದರು, ಬೇಸಿಗೆಯ ಸಣ್ಣ ಮನೆಯಲ್ಲಿ ಕ್ಯಾಲ್ಕುಲಸ್ ಒಂದನ್ನು ಬರೆದರು. ಆ ಮನೆಯನ್ನು ಮೊದಲ ದಿನವೇ ಖಾಲಿ ಬಿಟ್ಟದ್ದು ನನ್ನಂಥ ಮಾಮಂದಿರು ಇರುತ್ತಾರೆಂಬ ಅನುಭವದಿಂದಲೇ ಇರಬೇಕು.

ಆ ಬೇಸಿಗೆ ಹುಡುಗ ಕ್ಯಾಲ್ಕುಲಸ್ ಓದುತ್ತಾ ಸಂಜೆ ಹೊತ್ತು ಎಲ್ ಕಮೀನೋ ರಸ್ತೆಯ ಒಂದು ಇಂಡಿಯನ್ ಅಂಗಡಿಯಲ್ಲಿ ಕೆಲಸ ಮಾಡಿದ. ನಮ್ಮ ದೇಶದ ಮಾವು 2007ರಿಂದ ಅಮೆರಿಕಕ್ಕೆ ಬರುತ್ತಿದೆ, ವಿಕಿರಣ ಹಾಯಿಸಿ, ವಿಮಾನ ಹತ್ತಿ. ಅಂಗಡಿಗೆ ಗುರುವಾರ ಪೆಟ್ಟಿಗೆ ಬರುತ್ತಿತ್ತು. ಶುಕ್ರವಾರ ಜನ ಮುಗಿಬಿದ್ದು ಹೇಳಿದ ಬೆಲೆಗೆ ಕೊಳ್ಳುವರು. ಮಂಗಳವಾರ ಉಳಿದ ಪೆಟ್ಟಿಗೆಗಳ ಮೇಲೆ ಸಣ್ಣ ಕಪ್ಪು ಚುಕ್ಕೆ. ಮಾಲೀಕ ಬೆಲೆ ಇಳಿಸುತ್ತಿದ್ದ, ತಂದ ಅಸಲಿಗಿಂತ ಕೆಳಕ್ಕೆ. “ಲಾಸಲ್ವಾ ಅಂಕಲ್?” ಎಂದು ಇವನು ಕೇಳಿದರೆ, “ಅಸಲು ಗುರುವಾರವೇ ಹೋಯ್ತಪ್ಪ, ಇವತ್ತು ನೋಡಬೇಕಾದ್ದು ಈ ಪೆಟ್ಟಿಗೆ ಕಸಕ್ಕೆ ಹೋಗುತ್ತಾ ಕಾಸಾಗುತ್ತಾ ಅಂತ” ಎಂದನಂತೆ. ಸೀಮಾಂತದ ಲೆಕ್ಕ ಎಂಬ ಪಾಠ ಇದೇ. ಒಟ್ಟು ಎಷ್ಟಾಯಿತು ಎಂಬುದನ್ನು ಬದಿಗಿಟ್ಟು, ಇನ್ನೊಂದು ಪೆಟ್ಟಿಗೆ ಮಾರಿದರೆ ಎಷ್ಟು ಬದಲಾಗುತ್ತದೆ ಎಂದು ನೋಡುವುದು. ಆ ‘ಇನ್ನೊಂದ’ನ್ನು ಚಿಕ್ಕದು, ಮತ್ತೂ ಚಿಕ್ಕದು ಮಾಡುತ್ತಾ ಹೋದರೆ ಕ್ಯಾಲ್ಕುಲಸ್ಸಿನ ಡೆರಿವೇಟಿವ್ ಸಿಗುತ್ತದೆ. ಯೂನಿವರ್ಸಿಟಿಗಳು ಅರ್ಥಶಾಸ್ತ್ರದ ಬಾಗಿಲಿಗೆ ಕ್ಯಾಲ್ಕುಲಸ್ಸನ್ನು ಕಾವಲು ನಿಲ್ಲಿಸಿದ್ದು ಕಾಟ ಕೊಡಲಿಕ್ಕಲ್ಲ ಎಂದು ನನಗೆ ಅರ್ಥವಾದದ್ದು ಆ ಮಾವಿನ ಪೆಟ್ಟಿಗೆಯಿಂದ.

ಅರ್ಜಿಯ ಬರವಣಿಗೆಗೂ ಅದೇ ಒದಗಿತು. ಯುಸಿ ನಾಲ್ಕು ಪ್ರಶ್ನೆಗೆ ಉತ್ತರ ಕೇಳುತ್ತದೆ, ಒಂದೊಂದೂ 350 ಪದದೊಳಗೆ. ಟ್ರಾನ್ಸ್‌ಫರ್ ವಿದ್ಯಾರ್ಥಿಗೆ ಒಂದು ಪ್ರಶ್ನೆ ಕಡ್ಡಾಯ: ಆರಿಸಿಕೊಂಡ ವಿಷಯಕ್ಕೆ ಹೇಗೆ ಸಿದ್ಧವಾಗಿದ್ದೀಯ? ಉಳಿದ ಮೂರನ್ನು ಏಳರಲ್ಲಿ ಆರಿಸಿಕೊಳ್ಳಬಹುದು. ಶಿಫಾರಸು ಪತ್ರ ಬೇಕಿಲ್ಲ, ಎಸ್‌ಎಟಿ ಅಂಕ ನೋಡುವುದಿಲ್ಲ. ಹುಡುಗನ ಮೊದಲ ಕರಡು ‘ಚಿಕ್ಕಂದಿನಿಂದಲೂ ನನಗೆ ಅರ್ಥಶಾಸ್ತ್ರದಲ್ಲಿ ಅಪಾರ ಆಸಕ್ತಿ’ ಎಂದು ಶುರುವಾಗಿತ್ತು. ಚಿಕ್ಕಂದಿನಲ್ಲಿ ಅವನ ಆಸಕ್ತಿ ಇದ್ದದ್ದು ಡೈನೊಸಾರ್‌ಗಳಲ್ಲಿ, ನಾನೇ ಸಾಕ್ಷಿ. ಕೌನ್ಸೆಲರ್ ಆ ಸಾಲಿನ ಮೇಲೆ ಪೆನ್ಸಿಲು ಇಟ್ಟು, “ಇದನ್ನ ಯಾರು ಬೇಕಾದ್ರೂ ಬರೀಬಹುದು. ನಿನ್ನ ಕೈಗೆ ಏನು ಅಂಟಿದೆ, ಅದನ್ನ ಹೇಳು” ಎಂದರು. ಅವನು ಮಂಗಳವಾರದ ಪೆಟ್ಟಿಗೆಯಿಂದ ಶುರುಮಾಡಿ, ಆ ಪ್ರಶ್ನೆಯನ್ನು ಮೈಕ್ರೋ ಕ್ಲಾಸಿನ ಪಾಠ ಹೇಗೆ ಬಿಡಿಸಿತು, ಗಣಿತದಲ್ಲಿ ಅದು ಮತ್ತೆ ಹೇಗೆ ಎದುರಾಯಿತು ಎಂದು ಬರೆದ. ಐದು ಸಲ ತಿದ್ದಿದ.

ಕಸುಬಿನ ಇನ್ನೆರಡು ಗುಟ್ಟು ಇಲ್ಲೇ ಹೇಳಿಬಿಡುತ್ತೇನೆ. ಯುಸಿಯ ಆರು ಕ್ಯಾಂಪಸ್ (ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್) ‘ಟ್ಯಾಗ್’ ಎಂಬ ಖಾತರಿ ಕೊಡುತ್ತವೆ: ಇಷ್ಟು ಕೋರ್ಸು, ಇಷ್ಟು ಸರಾಸರಿ ಇದ್ದರೆ ಸೀಟು ಗ್ಯಾರಂಟಿ. ಒಬ್ಬರಿಗೆ ಒಂದೇ ಟ್ಯಾಗ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಈ ಖಾತರಿ ಕೊಡುವುದಿಲ್ಲ. ಆದ್ದರಿಂದ ಜಾಣರು ಒಂದು ಕಡೆ ಟ್ಯಾಗ್ ಹಾಕಿ ಕೆಳಗೆ ಬಲೆ ಕಟ್ಟಿಕೊಂಡು, ಮೇಲಿನ ಕೊಂಬೆಗೆ ನೆಗೆಯುತ್ತಾರೆ. ಎರಡನೆಯದು ಅಂಕದ ವಿಷಯ. ಟ್ರಾನ್ಸ್‌ಫರ್ ಅರ್ಜಿಗೆ ಕನಿಷ್ಠ ಸರಾಸರಿ 2.4 ಎಂದು ನಿಯಮ ಹೇಳುತ್ತದೆ. ಅದನ್ನು ಓದಿ ಸಮಾಧಾನಪಟ್ಟುಕೊಳ್ಳಬಾರದು. ಬರ್ಕ್ಲಿ, ಯುಸಿಎಲ್‌ಎಯ ಎಕನಾಮಿಕ್ಸ್‌ಗೆ ಸೇರುವವರದು ಬಹುಮಟ್ಟಿಗೆ ಮೂರೂವರೆಯ ಮೇಲೆಯೇ. ‘ಸಿ’ ಬಂದ ಕೋರ್ಸನ್ನು ಮತ್ತೆ ಓದಿ ‘ಎ’ ಮಾಡಿಕೊಳ್ಳಲು ಬರುವುದಿಲ್ಲ. ಅದಕ್ಕಿಂತ ಕೆಳಗೆ ಬಂದವರಿಗೆ ಮಾತ್ರ ಆ ಅವಕಾಶ. ನಮ್ಮಲ್ಲಿನ ಇಂಪ್ರೂವ್‌ಮೆಂಟ್ ಪರೀಕ್ಷೆಯ ಅಭ್ಯಾಸ ಇರುವ ಅಪ್ಪಅಮ್ಮಂದಿರು ಇದನ್ನು ಕೇಳಿ ದಂಗಾಗುವುದನ್ನು ನೋಡಿದ್ದೇನೆ.

ಇಷ್ಟು ಹೊಗಳಿದ ಮೇಲೆ ಇದೇ ಮೇಜಿನ ಹಳೆಯ ಕಥೆಯೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಮಾಸ್ಟರ್ ಪ್ಲಾನ್ ಬಂದ 1960ರಲ್ಲೇ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಸ್ಯಾನ್ ಹೋಸೆ ಜೂನಿಯರ್ ಕಾಲೇಜನ್ನು ಹೊಕ್ಕು ನೋಡಿ ಒಂದು ಕಹಿ ಲೇಖನ ಬರೆದರು. ಕಮ್ಯುನಿಟಿ ಕಾಲೇಜುಗಳನ್ನು ಆಗ ಜೂನಿಯರ್ ಕಾಲೇಜು ಎನ್ನುತ್ತಿದ್ದರು. ನಾನು ಹೇಳಿದ ಕ್ಯುಪರ್ಟಿನೊಗೆ ಅಲ್ಲಿಂದ ಹತ್ತು ಮೈಲಿಯೂ ಇಲ್ಲ. ಇಂಥ ಕಾಲೇಜಿನ ನಿಜವಾದ ಕೆಲಸ ಮಕ್ಕಳನ್ನು ‘ತಣಿಸುವುದು’ ಎಂದರು ಅವರು. ಪದ ಬಂದದ್ದು ವಂಚಕರ ಪರಿಭಾಷೆಯಿಂದ. ಜೂಜಿನಲ್ಲಿ ಒಬ್ಬನನ್ನು ಬೋಳಿಸಿದ ಮೇಲೆ ಗುಂಪಿನ ಒಬ್ಬ ಹಿಂದೆ ಉಳಿದು, ಅವನು ಪೊಲೀಸರ ಹತ್ತಿರ ಓಡದಂತೆ ಸಮಾಧಾನ ಹೇಳುತ್ತಾನೆ. ಇದನ್ನು ಅರ್ವಿಂಗ್ ಗಾಫ್‌ಮನ್ 1952ರಲ್ಲಿ ಬಣ್ಣಿಸಿದ್ದರು. ದೊಡ್ಡ ಆಸೆ ಹೊತ್ತು ಬಂದ ಹುಡುಗನಿಗೆ ‘ಇದು ನಿನಗಲ್ಲಪ್ಪ, ಆ ಸಣ್ಣ ಕೋರ್ಸು ನೋಡು’ ಎಂದು ಮೆಲ್ಲಗೆ ಕೆಳಗಿಳಿಸುವ ಕೌನ್ಸೆಲರ್ ಆ ಕೆಲಸವನ್ನೇ ಮಾಡುತ್ತಾರೆ ಎಂಬುದು ಕ್ಲಾರ್ಕರ ವಾದ.

ವಾದ ಪೂರಾ ಹಳತಾಗಿಲ್ಲ. ಟ್ರಾನ್ಸ್‌ಫರ್ ಆಗಬೇಕೆಂದೇ 2017ರಿಂದ 2019ರ ನಡುವೆ ಕಮ್ಯುನಿಟಿ ಕಾಲೇಜು ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ನಿಜವಾಗಿ ಆದವರು ಐದಕ್ಕೆ ಒಬ್ಬರು ಮಾತ್ರ ಎಂದು ಕ್ಯಾಲಿಫೋರ್ನಿಯಾದ ಲೆಕ್ಕಪರಿಶೋಧಕರು 2024ರಲ್ಲಿ ವರದಿ ಕೊಟ್ಟರು. ಸಾಂಟಾ ಮೋನಿಕಾ, ಡಿ ಅಂಜಾ, ಡಯಾಬ್ಲೋ ವ್ಯಾಲಿಯಂಥ ಕಾಲೇಜುಗಳಿಂದ ಯುಸಿಗೆ ದಂಡೇ ಹೋಗುತ್ತದೆ. ದೂರದ ಗುಡ್ಡಗಾಡಿನ ಕಾಲೇಜುಗಳಿಂದ ಹೋಗುವವರು ವಿರಳ. ಇನ್ನೊಂದು ಕಡೆ ಸಿಸಿಲಿಯಾ ರೌಸ್ ಎಂಬ ಅರ್ಥಶಾಸ್ತ್ರಜ್ಞೆ 1995ರಲ್ಲಿ ಅಂಕಿಅಂಶ ಹಿಡಿದು ನೋಡಿ, ಈ ಕಾಲೇಜುಗಳು ಒಟ್ಟಾರೆ ಜನ ಓದುವ ವರ್ಷಗಳನ್ನು ಹೆಚ್ಚಿಸುತ್ತವೆ, ಆದರೆ ಡಿಗ್ರಿ ಪಡೆಯುವ ಸಾಧ್ಯತೆಯನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ ಎಂದರು. ಅವರೇ ಮುಂದೆ ಅಧ್ಯಕ್ಷ ಬೈಡನ್ ಅವರ ಆರ್ಥಿಕ ಸಲಹಾ ಮಂಡಳಿಯ ಮುಖ್ಯಸ್ಥೆಯಾದರು. ನಾನು ಕಂಡದ್ದನ್ನಷ್ಟೇ ಹೇಳುವುದಾದರೆ, ತಣಿಸುವ ಮೇಜೂ ಕೂಡಿಸುವ ಮೇಜೂ ನೋಡಲು ಒಂದೇ ಥರ. ಎದುರು ಕೂತವರು ಕೊನೆಯ ಗಣಿತದ ಕೋರ್ಸು ಯಾವುದೆಂದು ಕೇಳಿ, ಅಸಿಸ್ಟ್ ಪುಟವನ್ನು ಸಾಲುಸಾಲಾಗಿ ಓದುವವರಾಗಿದ್ದರೆ ಹುಡುಗ ದಾಟುತ್ತಾನೆ. ಬರೀ ಬೆನ್ನು ತಟ್ಟಿ ಕಳಿಸುವವರಾಗಿದ್ದರೆ ಇಲ್ಲ.

ಎಕನಾಮಿಕ್ಸೇ ಏಕೆ ಇಷ್ಟು ನೂಕುನುಗ್ಗಲು ಎಂದು ಕೇಳುವವರಿಗೆ ಒಂದು ಅಧ್ಯಯನವಿದೆ. ಸಾಂಟಾ ಕ್ರೂಜ್ ಕ್ಯಾಂಪಸ್ಸಿನಲ್ಲಿ ಮೊದಲ ಎರಡು ಎಕನಾಮಿಕ್ಸ್ ಕೋರ್ಸಿನಲ್ಲಿ 2.8ರ ಸರಾಸರಿ ಇದ್ದರೆ ಮಾತ್ರ ಆ ವಿಷಯದಲ್ಲಿ ಮುಂದುವರಿಯಬಹುದೆಂಬ ನಿಯಮವಿತ್ತು. ಆ ಗೆರೆಯ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ನಿಂತವರನ್ನು ಹೋಲಿಸಿ ಝ್ಯಾಕರಿ ಬ್ಲೀಮರ್ ಮತ್ತು ಆಶಿಶ್ ಮೆಹ್ತಾ 2022ರಲ್ಲಿ ಪ್ರಕಟಿಸಿದ ಪ್ರಕಾರ, ಎಕನಾಮಿಕ್ಸ್ ಓದಿದವರು ಕೆಲಸದ ಆರಂಭದ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 22,000 ಡಾಲರ್ ಹೆಚ್ಚು ಗಳಿಸಿದರು. ಇದನ್ನು ಅಕ್ಕನಿಗೆ ಹೇಳಿದ ಮೇಲೆ ಅವಳು ಹಬ್ಬದೂಟಕ್ಕೆ ಬರತೊಡಗಿದಳು.

ನಮ್ಮ ಕರ್ನಾಟಕದವರಿಗೆ ಈ ಹಾದಿ ಹೊಸದೇನೂ ಅಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬರುವ ಲ್ಯಾಟರಲ್ ಎಂಟ್ರಿ ಮಕ್ಕಳು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಅವರಿಗೂ ಬಾಗಿಲಲ್ಲಿ ಕಾಯುವುದು ಗಣಿತವೇ. ವಿಟಿಯುನಲ್ಲಿ ‘ಮ್ಯಾಟ್‌ಡಿಪ್’ ಎಂಬ ಕೋಡಿನ ಹೆಚ್ಚುವರಿ ಗಣಿತದ ಪೇಪರು ಅವರಿಗೆಂದೇ ಇತ್ತು. ವ್ಯತ್ಯಾಸ ಒಂದಿದೆ. ನಮ್ಮಲ್ಲಿ ಕೀಲು ಇರುವುದು ಪರೀಕ್ಷೆಯಲ್ಲಿ, ರ‍್ಯಾಂಕಿನಲ್ಲಿ. ಪಾಲಿಟೆಕ್ನಿಕ್ಕಿನ ಒಂದು ಪಾಠವನ್ನೂ ಎಂಜಿನಿಯರಿಂಗಿನ ಒಂದು ಪಾಠವನ್ನೂ ಪಕ್ಕಪಕ್ಕ ಇಟ್ಟು ಓದಿ, ಇಷ್ಟು ಸರಿಹೊಂದುತ್ತದೆ, ಇಷ್ಟು ಬಾಕಿ ಎಂದು ಪ್ರತಿ ಹುಡುಗನಿಗೂ ಮೂರು ವರ್ಷ ಮೊದಲೇ ಬರೆದುಕೊಡುವ ಕುರ್ಚಿಯನ್ನು ನಾನು ಅಲ್ಲಿ ಕಂಡಿಲ್ಲ. ಅಂಥ ಕುರ್ಚಿಯೊಂದು ಬೇಕು ಎಂದು ಮಾತ್ರ ನನಗನ್ನಿಸುತ್ತದೆ.

ಹುಡುಗನಿಗೆ ಏಪ್ರಿಲ್ಲಿನಲ್ಲಿ ಉತ್ತರ ಬಂತು. ದೊಡ್ಡ ಎರಡರಲ್ಲಿ ಒಂದು ಬಾ ಎಂದಿತು, ಒಂದು ಬೇಡ ಎಂದಿತು. ಯಾವುದು ಯಾವುದೆಂದು ಬರೆದರೆ ಅವನಿಗೆ ಸಿಟ್ಟು ಬರುತ್ತದೆ. ಸೇರಿದ ಮೊದಲ ಟರ್ಮಿನ ಮಿಡ್‌ಟರ್ಮಿನಲ್ಲಿ ಅವನ ಅಂಕ ಕುಸಿಯಿತು. ಇಲ್ಲಿನವರು ಇದಕ್ಕೆ ‘ಟ್ರಾನ್ಸ್‌ಫರ್ ಶಾಕ್’ ಎಂದು ಹೆಸರಿಟ್ಟು ಅರವತ್ತು ವರ್ಷವಾಯಿತು. ಬಹಳ ಜನರಿಗೆ ಆಗುವುದು, ಬಹಳ ಜನ ಚೇತರಿಸಿಕೊಳ್ಳುವುದು. ಅವನು ಫೋನ್ ಮಾಡಿದ್ದು ನನಗಲ್ಲ, ಹಳೆಯ ಕೌನ್ಸೆಲರ್‌ಗೆ. ಅವರು ಮತ್ತೆ ಅದೇ ಪ್ರಶ್ನೆ ಕೇಳಿದರಂತೆ: ಗಣಿತ ಎಲ್ಲಿ ಬಿಟ್ಟುಹೋಗಿದೆ?

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಈ ಹಾದಿ ಹಿಡಿದ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿದ್ದರೆ, ಟ್ಯಾಗ್ ಅರ್ಜಿ ತೆರೆದಿರುವುದು ಸೆಪ್ಟೆಂಬರ್ ಒಂದರಿಂದ ಮೂವತ್ತರವರೆಗೆ ಮಾತ್ರ. ಕೌನ್ಸೆಲರ್ ಅಪಾಯಿಂಟ್‌ಮೆಂಟನ್ನು ಆಗಸ್ಟ್ ಒಳಗೇ ತೆಗೆದುಕೊಳ್ಳಿ. ಮಾಮಂದಿರು ಮನೆಯಲ್ಲೇ ಇರಲಿ.